ಕರೆದ ದೇವರನ್ನು ಕಳಿಸಿಕೊಡುವ ಬಗೆ

ಓದುಗರ ಪ್ರಶ್ನೆ: ಕೊಪ್ಪಳದಿಂದ ಉತ್ತರ

(ಕಿನ್ನಾಳದ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಈ ಸಲ ದೇವರು, ದೇವರ ವಸ್ತುಗಳ ಕುರಿತ ಪ್ರಶ್ನೆಗಳನ್ನು ಆರಿಸಿಕೊಂಡಿದ್ದಾರೆ.)

ಪ್ರಶ್ನೆ: ಅಮ್ಮ, ನಮ್ಮ ಅತ್ತೆಯವರು ಹೋದ ವರ್ಷ ತೀರಿಕೊಂಡರು. ಅವರ ದೇವರ ಮನೆಯ ಗೋಡೆ ತುಂಬ ಫೋಟೋಗಳು. ತಿರುಪತಿ, ಮಂತ್ರಾಲಯ, ಹುಲಿಗಿ, ಎಲ್ಲಿಗೆ ಹೋದರೂ ಒಂದು ತರುತ್ತಿದ್ದರು. ಕೆಲವಕ್ಕೆ ಗೆದ್ದಲು ಹಿಡಿದಿದೆ, ಕೆಲವದರ ಗಾಜು ಒಡೆದಿದೆ. ನಾವೀಗ ಚಿಕ್ಕ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಯಜಮಾನರು ಎಲ್ಲವನ್ನೂ ಅರಳಿಕಟ್ಟೆಗೆ ಇಟ್ಟು ಬರೋಣ ಎನ್ನುತ್ತಾರೆ. ನನಗೆ ಕೈ ಬರುತ್ತಿಲ್ಲ. ಪಾಪ ತಟ್ಟುವುದೇ?
ಗೃಹಿಣಿ, ಗಂಗಾವತಿ

ಉತ್ತರ: ತಂಗಿ, ನಿನ್ನ ಕೈ ಹಿಂಜರಿದದ್ದು ಒಳ್ಳೆಯದೇ ಆಯಿತು. ಅರಳಿಕಟ್ಟೆಗೆ ಇಡಬೇಡ. ನಮ್ಮ ಕಡೆ ಯಾವ ಊರಿನ ಕಟ್ಟೆಯನ್ನಾದರೂ ನೋಡು. ಮರದ ಬುಡಕ್ಕೆ ಒರಗಿಸಿದ ಲಕ್ಷ್ಮಿ, ಸತ್ಯನಾರಾಯಣ, ಸಾಯಿಬಾಬಾ, ರಾಯರು. ಬಿಸಿಲಿಗೆ ಬಣ್ಣ ಹಾರಿ ಮುಖವೇ ಅಳಿಸಿಹೋಗಿರುತ್ತದೆ, ಮಳೆಗೆ ಚೌಕಟ್ಟು ಬಿಚ್ಚಿ ಮೊಳೆ ಹೊರಬಂದಿರುತ್ತದೆ. ಇಟ್ಟು ಹೋದವರು ಕೈಮುಗಿದೇ ಹೋಗಿರುತ್ತಾರೆ. ಆದರೆ ಮುಂದೆ ಆ ಫೋಟೋದ ಗತಿ ಏನು ಎಂಬುದನ್ನು ಮರದ ತಲೆಗೆ ಕಟ್ಟಿ ಹೋಗಿರುತ್ತಾರೆ. ಇಷ್ಟು ವರ್ಷ ದೀಪ ಹಚ್ಚಿದ ದೇವರನ್ನು ಹೀಗೆ ಬೀದಿಗೆ ಬಿಡುವುದನ್ನು ನಾನು ಭಕ್ತಿ ಎನ್ನಲಾರೆ.

ಇನ್ನು ಪಾಪದ ಮಾತು. ನಮ್ಮ ಮನೆಯಲ್ಲಿ ನಾನು ನೋಡಿದ್ದನ್ನು ಹೇಳಿದರೆ ನಿನಗೆ ಧೈರ್ಯ ಬರಬಹುದು. ಜಾತ್ರೆ ಹತ್ತಿರ ಬಂದಾಗ ಸುತ್ತಲಿನ ಊರುಗಳ ದ್ಯಾಮವ್ವ, ದುರ್ಗವ್ವ ಬಣ್ಣಕ್ಕೆಂದು ಕಿನ್ನಾಳದ ನಮ್ಮ ಮನೆಗೆ ಬರುತ್ತಿದ್ದರು. ಕಟ್ಟಿಗೆಯ ಮೂರ್ತಿಗಳು. ಊರಿನಿಂದ ಹೊರಡುವ ಮೊದಲೇ ಪೂಜಾರಿ ಗುಡಿಯಲ್ಲಿ ತುಂಬಿದ ಕೊಡವೊಂದನ್ನಿಟ್ಟು, ಪೂಜೆ ಮಾಡಿ, ಅಮ್ಮನನ್ನು ಆ ಕೊಡಕ್ಕೆ ಇಳಿಸಿರುತ್ತಿದ್ದ. ಮೂರ್ತಿ ಮರಳುವ ತನಕ ಊರವರ ಕಾಯಿ, ಕರ್ಪೂರ, ಹರಕೆ ಎಲ್ಲವೂ ಆ ಕೊಡಕ್ಕೇ. ಹೀಗಾಗಿ ನಮ್ಮ ಪಡಸಾಲೆಗೆ ಬಂದು ಮಲಗುತ್ತಿದ್ದದ್ದು ಬರೀ ಕಟ್ಟಿಗೆ. ಅಪ್ಪ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹಳೆಯ ಬಣ್ಣವನ್ನು ಚೂರಿಯಿಂದ ಹೆರೆಯುತ್ತಿದ್ದರು. ಬಿರುಕಿಗೆ ಕಿಟ್ಟ ತುಂಬುತ್ತಿದ್ದರು. ಗೋಣಿಚೀಲದ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಿಸೆಬೀಜದ ಅಂಟಿನೊಂದಿಗೆ ಕಲಸಿದ್ದು ಕಿಟ್ಟ. ಅದರ ಮೇಲೆ ಹತ್ತಿಬಟ್ಟೆಯ ತುಂಡು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಅಷ್ಟೂ ಹೊತ್ತು ಎಲೆ ಅಡಿಕೆ ಹಾಕುತ್ತಾ, ಬಂದವರೊಡನೆ ಮಳೆ ಬೆಳೆಯ ಮಾತಾಡುತ್ತಾ ಕೆಲಸ ನಡೆಯುತ್ತಿತ್ತು.

ಕಣ್ಣು ಮಾತ್ರ ಕೊನೆಗೆ. ಕಣ್ಣು ಬರೆಯುವ ದಿನ ಅಪ್ಪ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಬಾಯಿಗೆ ಏನನ್ನೂ ಹಾಕದೆ ಕೂರುತ್ತಿದ್ದರು. ಕರಿಗುಡ್ಡೆಯ ಬೊಟ್ಟು ಇಟ್ಟೊಡನೆ ಕುಂಚ ಕೆಳಗಿಟ್ಟು, ಹಿಂದೆ ಸರಿದು, ಉದ್ದಕ್ಕೆ ಬಿದ್ದು ನಮಸ್ಕರಿಸುತ್ತಿದ್ದರು. ನಿನ್ನೆಯ ತನಕ ತೊಡೆಯ ಮೇಲಿದ್ದ ಮೂರ್ತಿಯನ್ನು ಆಮೇಲೆ ಮುಟ್ಟುತ್ತಿರಲಿಲ್ಲ. ಪೂಜಾರಿಯೇ ಬಂದು ಎತ್ತಬೇಕು.

ಇದು ನಮ್ಮ ಹಳ್ಳಿಗರು ಕಟ್ಟಿಕೊಂಡ ಪದ್ಧತಿ ಮಾತ್ರವಲ್ಲ. ದೊಡ್ಡ ದೇವಸ್ಥಾನದ ಜೀರ್ಣೋದ್ಧಾರದಲ್ಲೂ ಆಗಮಶಾಸ್ತ್ರ ಬಲ್ಲ ಅರ್ಚಕರು ಮೊದಲು ಮೂರ್ತಿಯ ದೈವಕಳೆಯನ್ನು ಕುಂಭಕ್ಕೆ ಸೆಳೆಯುತ್ತಾರೆ, ಅದಕ್ಕೆ ಕಲಾಕರ್ಷಣ ಎನ್ನುತ್ತಾರೆ. ಆಮೇಲೆಯೇ ಕಲ್ಲಿಗೆ ಕೈ ಹಚ್ಚುವುದು. ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯ ಕೊನೆಯನ್ನು ನೆನಪಿಸಿಕೋ. ಪುರೋಹಿತರು ‘ಯಾಂತು ದೇವಗಣಾಃ ಸರ್ವೇ’ ಎಂದು ಅಕ್ಷತೆ ಹಾಕಿ, ಕಳಶವನ್ನು ಬಲಕ್ಕೆ ತುಸು ಸರಿಸುತ್ತಾರಲ್ಲ, ಅದು ಬೀಳ್ಕೊಡುಗೆ. ಪೂಜೆ ಸ್ವೀಕರಿಸಿದ ದೇವತೆಗಳೇ, ಹೋಗಿ, ಮತ್ತೆ ಬರುವುದಕ್ಕಾಗಿ ಹೋಗಿ ಎನ್ನುತ್ತದೆ ಮಂತ್ರ. ಕರೆಯುವುದಕ್ಕೆ ಎಷ್ಟು ಶಾಸ್ತ್ರವೋ ಕಳಿಸುವುದಕ್ಕೂ ಅಷ್ಟೇ ಶಾಸ್ತ್ರ ನಮ್ಮಲ್ಲಿದೆ.

ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಯೇ ಇರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು ಮಾಡಿ ಪೂಜಿಸಿ ಮಣ್ಣಿಗೇ ಬಿಡುತ್ತೇವೆ. ಆಷಾಢದ ಮಂಗಳವಾರ ಗುಳ್ಳವ್ವ ಬರುತ್ತಾಳೆ, ಹೋಗುತ್ತಾಳೆ. ಗಣಪತಿ ಹೋದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಮನೆಮನೆಗೆ ಬರುವ ಜೋಕುಮಾರನ ಆಯುಷ್ಯ ಏಳೇ ದಿನ. ಮಣ್ಣಿನ ದೇವರಾದ್ದರಿಂದ ಕಳಿಸುವುದು ಸುಲಭವಾಗಿತ್ತು. ಗಾಜು, ಮೊಳೆ, ಪ್ಲಾಸ್ಟಿಕ್ ಹೊದಿಕೆ, ಫ್ಲೆಕ್ಸ್ ಬಂದ ಮೇಲೆ ನಮಗೆ ಕರೆಯುವುದಷ್ಟೇ ನೆನಪುಳಿದು ಕಳಿಸುವುದು ಮರೆತುಹೋಯಿತು.

ಈಗ ನೀನು ಮಾಡಬೇಕಾದ್ದು. ಒಂದು ದಿನ ಎಲ್ಲ ಫೋಟೋಗಳನ್ನೂ ಇಳಿಸಿ, ಒರೆಸಿ, ಸಾಲಾಗಿಟ್ಟು ಒಂದು ದೀಪ ಹಚ್ಚು. ನಿನ್ನ ಭಾಷೆಯಲ್ಲೇ ಹೇಳು: ಇಷ್ಟು ದಿನ ನಮ್ಮ ಅತ್ತೆಯ ಪೂಜೆ ಒಪ್ಪಿಕೊಂಡಿರಿ, ಇನ್ನು ಈ ಕಾಗದ ಬಿಟ್ಟು ನಮ್ಮ ಮನೆಯ ದೀಪಕ್ಕೆ ಬನ್ನಿ. ಅಕ್ಷತೆ ಹಾಕು. ಆಮೇಲೆ ಚೌಕಟ್ಟು ಬಿಚ್ಚು. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ನಗರಸಭೆಯ ಒಣಕಸದ ಗಾಡಿಯವರ ಕೈಗೇ ಕೊಡು. ಪಾಪ, ಅವರು ಬರಿಗೈಯಲ್ಲಿ ಚೀಲ ಬಿಚ್ಚುತ್ತಾರೆ. ಬರೀ ಕಾಗದದ ಚಿತ್ರವನ್ನು ಬಕೆಟ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಗಿಡದ ಬುಡದಲ್ಲಿ ಹೂಳು. ಪ್ಲಾಸ್ಟಿಕ್ ಹೊದಿಸಿದ ಚಿತ್ರ ಕರಗುವುದಿಲ್ಲ, ಅದನ್ನು ಸುಡಲೂ ಬೇಡ, ಒಣಕಸಕ್ಕೇ ಹೋಗಲಿ. ಕಳಿಸಿಕೊಟ್ಟ ಮೇಲೆ ಅದು ಚಿತ್ರ ಮಾತ್ರ. ಹಿತ್ತಾಳೆ, ಬೆಳ್ಳಿಯ ಮೂರ್ತಿ ಮುಕ್ಕಾಗಿದ್ದರೆ ಕರಗಿಸಿ ದೀಪವನ್ನೋ ಗಂಟೆಯನ್ನೋ ಮಾಡಿಸು.

ಒಂದನ್ನು ಮಾತ್ರ ಉಳಿಸಿಕೋ. ನಿಮ್ಮ ಅತ್ತೆ ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು ಎಂಬುದು ನಿನಗೆ ಗೊತ್ತಿರುತ್ತದೆ. ಗೆದ್ದಲು ಹಿಡಿದಿದ್ದರೂ ಸರಿ, ಹೊಸ ಚೌಕಟ್ಟು ಹಾಕಿಸು.

ಪ್ರಶ್ನೆ: ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಹೋದಾಗ ತುಂಗಭದ್ರಾ ಹೊಳೆಯಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಬರುವುದು ನಮ್ಮ ಮನೆಯ ನಡೆ. ಪೀಡೆ ಕಳೆಯುತ್ತದೆ ಎಂಬ ನಂಬಿಕೆ. ಈಗ ಬಿಡಬಾರದು ಎನ್ನುತ್ತಾರೆ. ನಮ್ಮ ಧರ್ಮದ ಆಚರಣೆಗಳ ಮೇಲೇ ಯಾಕೆ ಕಣ್ಣು?
ಕಿರಾಣಿ ವ್ಯಾಪಾರಿ, ಕುಷ್ಟಗಿ

ಉತ್ತರ: ಅಣ್ಣಾ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಹೊಳೆಯ ಪರವಾಗಿ ನಾನೂ ಸಿಟ್ಟಾಗಿದ್ದೇನೆ. ತುಂಗಭದ್ರೆಯನ್ನು ನಾವು ತಾಯಿ ಎಂದವರು. ತುಂಗಾ ಪಾನ, ಗಂಗಾ ಸ್ನಾನ ಎಂದು ಹಿರಿಯರು ಹೇಳಿದ್ದು ತುಂಗೆಯ ನೀರಿನ ರುಚಿಗೆ. ಹುಲಿಗಿಯನ್ನು ದಾಟಿದ ನೀರು ಹಂಪಿಯ ಚಕ್ರತೀರ್ಥದಲ್ಲಿ ತಿರುಗಿ, ಯತಿಗಳ ಸಮಾಧಿಗಳಿರುವ ಆನೆಗೊಂದಿಯ ನವಬೃಂದಾವನದ ನಡುಗಡ್ಡೆಯನ್ನು ಬಳಸಿ, ಕಂಪ್ಲಿ ದಾಟಿ ಮಂತ್ರಾಲಯಕ್ಕೆ ಹೋಗುತ್ತದೆ. ನೀವು ಬಿಟ್ಟ ಪಂಚೆ ಅಷ್ಟು ದೂರ ಹೋಗುವುದಿಲ್ಲ, ಹತ್ತಿರದ ಬಂಡೆಗೆ ಸಿಕ್ಕಿಕೊಂಡು ಕೊಳೆಯುತ್ತದೆ. ಮೇಲೆ ಅಣೆಕಟ್ಟೆ ಇದೆ. ಗೇಟು ಮುಚ್ಚಿದ ಬೇಸಿಗೆಯಲ್ಲಿ ಆ ಪಾತ್ರದಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. ಹುಣ್ಣಿಮೆಯ ಮರುದಿನ ಅಲ್ಲಿ ಸೀರೆ, ಲಂಗ, ಶಾಂಪೂ ಪೊಟ್ಟಣಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು.

2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿ ತೀರದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸುವಂತೆ, ಭಕ್ತರು ಬಟ್ಟೆ ಬಿಡುವುದನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಅದನ್ನು ಧರ್ಮಕ್ಕೆ ಅಡ್ಡಿ ಎಂದು ನಾನು ನೋಡುವುದಿಲ್ಲ. ಧರ್ಮದವರಾದ ನಾವೇ ಮೊದಲು ಹೇಳಬೇಕಿದ್ದ ಮಾತನ್ನು ಸರ್ಕಾರ ಹೇಳಬೇಕಾಗಿ ಬಂತಲ್ಲ ಎಂಬುದೇ ನನ್ನ ಸಂಕಟ.

ಆ ಅಣೆಕಟ್ಟೆಯ ಎಡದಂಡೆ ಕಾಲುವೆಯ ಕಥೆ ಇನ್ನೂ ಕಠಿಣ. ಕೊಪ್ಪಳ, ರಾಯಚೂರು ಜಿಲ್ಲೆಗಳ ಗದ್ದೆಗಳಿಗೂ, ಸಿಂಧನೂರು, ಮಾನ್ವಿ ಕಡೆಯ ಕುಡಿಯುವ ನೀರಿನ ಕೆರೆಗಳಿಗೂ ಹೋಗುವುದು ಅದೇ ನೀರು. ಹೊಳೆ ದೂರವಾಯಿತೆಂದು ದೇವರ ಫೋಟೋ, ಪ್ಲಾಸ್ಟರ್ ಗಣಪತಿಯನ್ನು ಜನ ಕಾಲುವೆಗೆ ಬಿಡುತ್ತಾರೆ. ಕಾರಟಗಿ ಕಡೆ ನಾಟಿಗೆ ಹೋಗಿದ್ದ ನನ್ನ ಪರಿಚಯದ ಹೆಣ್ಣುಮಗಳೊಬ್ಬಳ ಅಂಗಾಲು ಗದ್ದೆಯಲ್ಲಿ ಸೀಳಿತು. ಕೆಸರಿನಲ್ಲಿ ಕೈಯಾಡಿಸಿದರೆ ಗಾಜಿನ ಚೂರು, ಅದರ ಬೆನ್ನಿಗೆ ಅಂಟಿದ ಕಾಗದದಲ್ಲಿ ಲಕ್ಷ್ಮಿಯ ಪಾದ. ರಕ್ತ ಸುರಿಯುತ್ತಿದ್ದರೂ ಆ ತಾಯಿ ಮೊದಲು ಚೂರನ್ನು ಹಣೆಗೆ ಒತ್ತಿಕೊಂಡು, ಬದುವಿನ ಮೇಲಿಟ್ಟು, ಆಮೇಲೆ ಕಾಲಿಗೆ ಬಟ್ಟೆ ಕಟ್ಟಿಕೊಂಡಳು. ಆ ಫೋಟೋವನ್ನು ಕಾಲುವೆಗೆ ಬಿಟ್ಟವರಿಗೂ, ಹಣೆಗೆ ಒತ್ತಿಕೊಂಡ ಇವಳಿಗೂ ಲಕ್ಷ್ಮಿ ಒಬ್ಬಳೇ. ಯಾರ ಕೈಯಲ್ಲಿ ಅವಳು ಲಕ್ಷ್ಮಿಯಾಗಿ ಉಳಿದಳು, ನೀವೇ ಹೇಳಿ.

ಪೀಡೆ ಕಳೆಯಬೇಕೆಂದರೆ ಉಟ್ಟ ಬಟ್ಟೆಯನ್ನು ಮನೆಗೆ ತಂದು, ಒಗೆದು, ಬೇಕಾದವರಿಗೆ ಕೊಡಿ. ದಾನದಲ್ಲಿ ಪೀಡೆ ಕಳೆಯುವಷ್ಟು ಹೊಳೆಯಲ್ಲಿ ಕಳೆಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮೂರು ಮುಳುಗು ಹಾಕಿ, ಬೊಗಸೆ ನೀರಿನಲ್ಲಿ ಅರ್ಘ್ಯ ಕೊಡಿ. ಹುಲಿಗೆಮ್ಮ ಅಷ್ಟಕ್ಕೇ ಒಲಿಯುತ್ತಾಳೆ.

ಪ್ರಶ್ನೆ: ಭಿನ್ನವಾದ, ಅಂದರೆ ಒಡೆದ ಮೂರ್ತಿಗೆ ಪೂಜೆ ಸಲ್ಲದು ಎನ್ನುತ್ತಾರೆ. ಹಾಗಾದರೆ ಹಂಪಿಯ ಉಗ್ರನರಸಿಂಹನಿಗೆ ಕೈಮುಗಿಯಬಹುದೇ? ಹೋದ ಸಲ ನನ್ನ ಮಗಳು ಕೇಳಿದಳು, ಉತ್ತರ ಹೊಳೆಯಲಿಲ್ಲ.
ಬ್ಯಾಂಕ್ ನೌಕರ, ಬಳ್ಳಾರಿ

ಉತ್ತರ: ಧಾರಾಳವಾಗಿ ಮುಗಿಯಿರಿ. ನಿಯಮ ಇರುವುದು ನಿತ್ಯಪೂಜೆಗೆ, ನೈವೇದ್ಯಕ್ಕೆ, ಅಭಿಷೇಕಕ್ಕೆ. ಗೌರವಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಆ ನಿಯಮಕ್ಕೂ ಹೊರತಾದವು ಇವೆ. ಸಾಲಿಗ್ರಾಮ ಒಡೆದರೂ ದೋಷವಿಲ್ಲ ಎನ್ನುತ್ತಾರೆ, ಏಕೆಂದರೆ ಅದಕ್ಕೆ ಮನುಷ್ಯರು ಪ್ರಾಣಪ್ರತಿಷ್ಠೆ ಮಾಡಿದ್ದೇ ಅಲ್ಲ.

1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ ಅದು. ಎತ್ತರ ಸುಮಾರು 6.7 ಮೀಟರ್. ಅವನು ಉಗ್ರನರಸಿಂಹನೇ ಅಲ್ಲ, ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ಮುಂದಿನ ಸಲ ಹೋದಾಗ ಮಗಳಿಗೆ ನರಸಿಂಹನ ಬೆನ್ನನ್ನು ತೋರಿಸಿ. ಗಂಡನನ್ನು ಬಳಸಿದ್ದ ಲಕ್ಷ್ಮಿಯ ಕೈ ಇನ್ನೂ ಅಲ್ಲಿದೆ. ಬೆರಳುಗಳಲ್ಲಿ ಉಂಗುರದ ಗೆರೆ ಹುಡುಕುತ್ತಾ ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೇನೆ. ಅಪ್ಪನ ಕೆಲಸ ನೋಡುತ್ತಾ ಬೆಳೆದವಳಾದ್ದರಿಂದ ಕಡೆದವನ ಕೈಗೂ ಸೇರಿಸಿಯೇ ಕೈಮುಗಿಯುತ್ತೇನೆ. ಪಕ್ಕದಲ್ಲೇ ಬಡವಿಲಿಂಗ, ಬುಡದಲ್ಲಿ ನೀರು, ಅದಕ್ಕೆ ಪೂಜೆ ನಡೆಯುತ್ತದೆ. ತುಸು ದೂರದ ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆ. ವಿಜಯವಿಠ್ಠಲನ ಗುಡಿಯಲ್ಲಿ ಪ್ರವಾಸಿಗರು ಮಾತ್ರ. ಕಲ್ಲು ಎಲ್ಲ ಕಡೆಯೂ ಅದೇ. ಜನ ಬಿಡದೆ ನಡೆದುಕೊಂಡ ಕಡೆ ದೇವರು ಉಳಿದ.

ಒಡೆದದ್ದು ಒಡೆದೇ ಉಳಿಯಬೇಕೆಂದೂ ಇಲ್ಲ. 2019ರ ಜುಲೈನಲ್ಲಿ ನಿಧಿಯ ಆಸೆಗೆ ದುಷ್ಕರ್ಮಿಗಳು ಆನೆಗೊಂದಿಯಲ್ಲಿ ಯತಿ ವ್ಯಾಸರಾಜರ ಬೃಂದಾವನವನ್ನು ಕೆಡವಿದಾಗ ನಮ್ಮ ಜಿಲ್ಲೆಯೇ ಮರುಗಿತು. ಮಠಾಧೀಶರು, ಭಕ್ತರು ಆ ಹೊಳೆಯ ನಡುಗಡ್ಡೆಯಲ್ಲಿ ಸೇರಿ, ತಡಮಾಡದೆ ಅದೇ ಕಲ್ಲುಗಳನ್ನು ಕೂಡಿಸಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಈಗ ಪೂಜೆ ನಡೆಯುತ್ತಿದೆ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ದಿನಾ ದೇವರ ಚಿತ್ರಗಳು ಬರುತ್ತವೆ. ಮೊಬೈಲ್ ತುಂಬಿಹೋಗಿದೆ. ಅಳಿಸಿದರೆ ದೋಷವೇ? ‘ಹನ್ನೊಂದು ಜನರಿಗೆ ಕಳಿಸದಿದ್ದರೆ ಕೆಟ್ಟದಾಗುತ್ತದೆ’ ಎಂದೂ ಬರೆದಿರುತ್ತಾರೆ.
ಪದವಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಅಳಿಸು ಮಗಳೇ. ನೀನು ಕರೆಯಲಿಲ್ಲ, ಕೂರಿಸಲಿಲ್ಲ, ಒಂದು ಹೂವು ಏರಿಸಲಿಲ್ಲ. ಹೆದರಿಸಿ ಕಳಿಸುವ ಸಂದೇಶವಂತೂ ಬಂದ ಗಳಿಗೆಯೇ ಹೋಗಲಿ. ಮಕ್ಕಳನ್ನು ಹೀಗೆ ಹೆದರಿಸುವ ದೇವರನ್ನು ನಾನು ಕಂಡಿಲ್ಲ.

ಪ್ರಶ್ನೆ: ನಮ್ಮದು ಹಿಂದೂ ಮನೆತನ. ತಲೆಮಾರಿನಿಂದ ಮೊಹರಮ್‌ನಲ್ಲಿ ಅಲಾಯಿ ದೇವರನ್ನು ಹಿಡಿಯುವ ಹರಕೆ ನಮ್ಮದು. ಈಗ ಕೆಲವು ಹುಡುಗರು ‘ಅದು ನಮ್ಮದಲ್ಲ, ಬಿಡಿ’ ಎನ್ನುತ್ತಿದ್ದಾರೆ. ಬಿಡಬೇಕೇ?
ರೈತ, ಲಿಂಗಸುಗೂರು ತಾಲ್ಲೂಕು

ಉತ್ತರ: ಬಿಡಬೇಡಿ ಅಣ್ಣಾ. ನಿಮ್ಮ ತಾಲ್ಲೂಕಿನ ಮುದಗಲ್ಲಿಗೆ ಮೊಹರಮ್‌ನಲ್ಲಿ ಬರುವ ಜನಸಾಗರದಲ್ಲಿ ಯಾರು ಯಾವ ಜಾತಿ ಎಂದು ಯಾರು ಕೇಳುತ್ತಾರೆ? ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ನಮ್ಮ ಭಾಗದಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ದೇವರನ್ನು ಕೂರಿಸುತ್ತಾರೆ, ಕೊನೆಯ ದಿನ ಹೊಳೆಗೆ ಕಳಿಸುತ್ತಾರೆ. ಆ ದೇವರ ಲೋಹದ ಹಸ್ತವಾದ ಪಂಜವನ್ನು ತೊಳೆದು, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ವರ್ಷವಿಡೀ ಕಾಯುತ್ತಾರೆ. ನಿಮ್ಮ ಅಜ್ಜ ಯಾವುದೋ ಕಷ್ಟದಲ್ಲಿ ಮಾತು ಕೊಟ್ಟು ಹರಕೆ ಹೊತ್ತರು. ಕೊಟ್ಟ ಮಾತು ನಡೆಸುವುದು ಹಿಂದೂ ಮನೆತನಕ್ಕೆ ಒಪ್ಪುವ ನಡೆಯೇ ಎಂದು ಆ ಹುಡುಗರಿಗೆ ಹೇಳಿ. ಬೈದು ಹೇಳಬೇಡಿ, ಈ ಸಲ ಅವರನ್ನೂ ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ: ನನಗೆ ಮೂರ್ತಿಪೂಜೆಯಲ್ಲಿ ನಂಬಿಕೆ ಉಳಿದಿಲ್ಲ. ಆದರೆ ಊರಿಗೆ ಬಂದಾಗ ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವ್ವ ‘ದೇವರನ್ನು ಬಿಟ್ಟು ಏಳಬೇಡ’ ಎನ್ನುತ್ತಾಳೆ, ಆ ಮಾತು ಮಾತ್ರ ಎದೆಗೆ ತಾಗುತ್ತದೆ. ನಂಬದವನಿಗೂ ಪವಿತ್ರವೆಂಬುದು ಇರಬಹುದೇ?
ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು (ಊರು ಯಲಬುರ್ಗಾ)

ಉತ್ತರ: ಇರಬಹುದು ತಮ್ಮಾ, ನಿನಗೆ ಈಗಾಗಲೇ ಇದೆ. ‘ಅನ್ನಂ ನ ನಿಂದ್ಯಾತ್, ತದ್ ವ್ರತಮ್’ ಎನ್ನುತ್ತದೆ ತೈತ್ತಿರೀಯ ಉಪನಿಷತ್ತು. ಅನ್ನವನ್ನು ಹಳಿಯಬೇಡ, ಅದೇ ವ್ರತ. ನಿಮ್ಮ ಅವ್ವ ಉಪನಿಷತ್ತು ಓದದೆ ಆ ವ್ರತ ಹಿಡಿದವಳು.

ನೀನು ಯಲಬುರ್ಗಾದವನಾದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ಕಂಡೇ ಇರುತ್ತೀ. ಪುಷ್ಯ ಮಾಸ ಹತ್ತಿರವಾದಂತೆ ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಓಣಿಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಬಿಸಿಲಿಗೆ ಒಣಗಿಸಿ, ಪಂಚೆಯಲ್ಲಿ ಗಂಟು ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹೇರಿ, ಡೊಳ್ಳು ಬಾರಿಸುತ್ತಾ ಮಠಕ್ಕೆ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಮಠ ತಲುಪುತ್ತವೆ. ದಾಸೋಹದ ಮನೆಯಲ್ಲಿ ಅವನ್ನು ಆಳೆತ್ತರಕ್ಕೆ ಜೋಡಿಸಿರುತ್ತಾರೆ. ಯಾವ ರೊಟ್ಟಿ ಯಾವ ಓಣಿಯಿಂದ, ಯಾವ ಜಾತಿಯವರ ಒಲೆಯಿಂದ ಬಂತು ಎಂದು ಅಲ್ಲಿ ವಿಂಗಡಿಸುವವರಿಲ್ಲ. ಮನೆಯೊಳಗೆ ಇನ್ನೂ ಲೋಟ ಬೇರೆ ಇಡುವ ಜನರೇ ಅಲ್ಲಿ ಕೂತು ಆ ರೊಟ್ಟಿ ಉಣ್ಣುತ್ತಾರೆ. ಆ ಗುಣ ಅಲ್ಲಿಂದ ಅವರ ಮನೆಯ ತನಕ ಬರಲಿ ಎಂದು ನಾನು ಪ್ರತಿ ಜಾತ್ರೆಯಲ್ಲೂ ಬೇಡಿಕೊಳ್ಳುತ್ತೇನೆ. ಎಷ್ಟು ದೇವರ ಮನೆ ಸ್ವಚ್ಛ ಮಾಡಿದರೂ, ಎಷ್ಟು ಹೊಳೆ ಮಿಂದರೂ, ಮನುಷ್ಯರನ್ನು ಮೈಲಿಗೆ ಎನ್ನುವ ತನಕ ನಮ್ಮಲ್ಲಿ ಯಾವುದೂ ಮಡಿಯಾಗುವುದಿಲ್ಲ.

ಮೂರ್ತಿಯಲ್ಲಿ ನಂಬಿಕೆ ಬರದಿದ್ದರೆ ಒತ್ತಾಯವೇನೂ ಇಲ್ಲ. ಮುಂದಿನ ಜಾತ್ರೆಗೆ ರಜೆ ಹಾಕಿ ಬಾ. ಅವ್ವ ಬಡಿದ ರೊಟ್ಟಿಯ ಗಂಟನ್ನು ನೀನೇ ಹೊತ್ತು ತಂದು ಒಪ್ಪಿಸಿ, ಪಂಕ್ತಿಯಲ್ಲಿ ಬಡಿಸಲು ನಿಲ್ಲು. ಬಡಿಸುವ ಕೈಗಳು ಅಲ್ಲಿ ಎಷ್ಟಿದ್ದರೂ ಸಾಲುವುದಿಲ್ಲ.